ಕಂಚಿನ ಮೇಕೆ

ಅಮ್ಮ ತೀರಿಕೊಂಡ ಮರುವರ್ಷ ಹಳ್ಳಿಯ ಮನೆಯನ್ನು ಮಾರಿದೆವು. ಪಾತ್ರೆಪದಾರ್ಥಗಳನ್ನೆಲ್ಲ ಜಗಲಿಯ ಮೇಲೆ ಹರವಿದಾಗ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಹೇಳುವ ಭಾರ ಹಿರಿಯನಾದ ನನ್ನ ಮೇಲೆ ಬಿತ್ತು. ಕಂಚಿನ ತಟ್ಟೆ ಬಟ್ಟಲುಗಳು ತೂಕದ ಲೆಕ್ಕದಲ್ಲಿ ವ್ಯಾಪಾರಿಯ ಪಾಲಾದವು. ಅಮ್ಮ ಹಿತ್ತಿಲಿನಿಂದ ಸೊಪ್ಪು ತರುತ್ತಿದ್ದ ಬುಟ್ಟಿಯೊಂದು ಉಳಿಯಿತು. ಅದರ ಅಂಚು ಬಿಚ್ಚಿ, ತಳ ಸವೆದಿತ್ತು.

“ಇದನ್ನೇನು ಮಾಡೋಣ, ಅಣ್ಣ?” ಎಂದಳು ತಂಗಿ.

“ಬಚ್ಚಲೊಲೆಗೆ ಹಾಕು” ಎಂದೆ. ಅವಳು ಮರುಮಾತಾಡದೆ ಎತ್ತಿಕೊಂಡು ಹೋದಳು.

ಆ ಬುಟ್ಟಿ ನನಗೆ ಮತ್ತೆ ನೆನಪಾದದ್ದು ಸಾವಿರಾರು ಮೈಲಿಗಳಾಚೆ. ಮಗನನ್ನು ನೋಡಲು ಅಮೆರಿಕೆಗೆ ಹೋಗಿದ್ದಾಗ, ಒಂದು ಮಧ್ಯಾಹ್ನ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕಂಚಿನ ಮೇಕೆಯೊಂದರ ಮುಂದೆ ನಿಂತೆ. ಸುಮಾರು 4 ಅಡಿ ಎತ್ತರದ ಆ ಮೇಕೆ ಪಿಕಾಸೊನ ಕೃತಿ. ತುಂಬಿದ ಬಸುರಿ, ಹೊಟ್ಟೆಯ ಭಾರಕ್ಕೆ ಕಾಲುಗಳನ್ನು ಊರಿ ನಿಂತಿದ್ದಾಳೆ.

ಕುಂಬಾರಿಕೆಗೆ ಹೆಸರಾದ ದಕ್ಷಿಣ ಫ್ರಾನ್ಸಿನ ವಲ್ಲೋರಿಸ್ ಎಂಬ ಊರಿನಲ್ಲಿ, 1950ರಲ್ಲಿ ಅವನು ಅದನ್ನು ಕಟ್ಟಿದ. ಕಡೆದದ್ದಲ್ಲ, ಕಟ್ಟಿದ್ದು. ಜನ ಬಳಸಿ ಬಿಸುಟ ಸಾಮಾನುಗಳನ್ನು ಆಯ್ದು ತಂದ. ಹಳೆಯ ಬುಟ್ಟಿ ಪಕ್ಕೆಲುಬಿನ ಗೂಡಾಯಿತು. ತಾಳೆಯ ಗರಿ ಬೆನ್ನಾಯಿತು. ಎರಡು ಮಣ್ಣಿನ ಕುಡಿಕೆಗಳು ಕೆಚ್ಚಲಾದವು. ಸಂದುಗಳನ್ನು ಪ್ಲಾಸ್ಟರಿನಿಂದ ತುಂಬಿದ. 1952ರಲ್ಲಿ ಅದು ಕಂಚಿನ ಎರಕವಾಯಿತು. ಬುಟ್ಟಿಯೂ ಗರಿಯೂ ಕುಡಿಕೆಯೂ ಒಂದೇ ಲೋಹವಾದವು.

ನಮ್ಮ ಮನೆಯಲ್ಲಿ ಕಂಚು ಗುಜರಿಯಾಗಿತ್ತು. ಇಲ್ಲಿ ಗುಜರಿ ಕಂಚಾಗಿತ್ತು! ಕಂಚಾದದ್ದರಿಂದಲೇ ಆ ಬುಟ್ಟಿಯ ರೂಪ ಉಳಿಯಿತೆಂದು ಮೊದಲು ಎಣಿಸಿದೆ. ಹಾಗಾದರೆ ಅಮ್ಮನ ತಟ್ಟೆಗಳೇಕೆ ಉಳಿಯಲಿಲ್ಲ? ಅವೂ ಕಂಚಿನವೇ ಅಲ್ಲವೇ? ಎಪ್ಪತ್ತರ ಹೊಸ್ತಿಲಲ್ಲಿದ್ದ ಆ ಕಲಾವಿದ ಸವೆದ ವಸ್ತುವಿಗೆ ಇನ್ನೊಂದು ಕೆಲಸವನ್ನು ಹುಡುಕಿಕೊಟ್ಟ. ಹೊರೆ ಹೊತ್ತ ಬುಟ್ಟಿ ಬಸಿರನ್ನು ಹೊತ್ತಿತು. ತುಂಬಿಡಲು ಮಾಡಿದ ಕುಡಿಕೆ ಹಾಲು ತುಂಬುವ ಕೆಚ್ಚಲಾಯಿತು. ನಾನೋ, ಕೆಲಸ ತಪ್ಪಿತೆಂದು ಅಮ್ಮನ ಕೈಯ ಬುಟ್ಟಿಗೆ ಒಲೆಯ ದಾರಿಯನ್ನು ತೋರಿಸಿದ್ದೆ.

ಊರಿಗೆ ಮರಳಿದ ಮೇಲೆ ತಂಗಿಯ ಮನೆಗೆ ಹೋಗಿ ಮೇಕೆಯ ಕಥೆಯನ್ನು ಹೇಳಿದೆ. ಬುಟ್ಟಿಯನ್ನು ಅವಳು ಎಲ್ಲಾದರೂ ಬಚ್ಚಿಟ್ಟಿರಬಹುದೆಂಬ ಆಸೆ ಒಳಗೇ ಇತ್ತು.

“ನೀನು ಹೇಳಿದೆ, ಒಲೆಗೆ ಹಾಕಿದೆ” ಎಂದಳು. “ಅದರಿಂದ ಒಂದು ತಂಬಿಗೆ ನೀರೂ ಕಾಯಲಿಲ್ಲ, ಅಣ್ಣ.”

ನಾನು ತಲೆ ತಗ್ಗಿಸಿದೆ. ಅವಳು ಒಳಗೆ ಹೋಗಿ ಊಟಕ್ಕೆ ಎಲೆ ಹಾಕಿದಳು. ಕೊನೆಯಲ್ಲಿ ಹಾಲನ್ನವನ್ನು ಕಲಸಿ ತಂದು ಮುಂದಿಟ್ಟಳು. ಅಂಚು ನೆಗ್ಗಿದ ಕಂಚಿನ ಬಟ್ಟಲು. ಅಮ್ಮ ದಿನವೂ ಉಣ್ಣುತ್ತಿದ್ದುದು.

“ಇದೊಂದನ್ನು ಮಾತ್ರ ನಿನ್ನನ್ನು ಕೇಳದೆ ತಂದಿದ್ದೆ” ಎಂದಳು. “ದಿನವೂ ಬಳಸುತ್ತಿದ್ದೇನೆ.”