ಕುದುರೆಮುಖ: ಗಣಿ ಮುಚ್ಚಿದ ಮೇಲೆ

ಮೂಡಿಗೆರೆಯನ್ನು ದಾಟಿ, ಕೊಟ್ಟಿಗೆಹಾರದಿಂದ ಕಳಸದ ಹಾದಿಯನ್ನು ಹಿಡಿದರೆ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು. ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು. ಕಳಸೇಶ್ವರನ ದರ್ಶನ ಮಾಡಿ, ಹೊರನಾಡಿನಲ್ಲಿ ಅನ್ನಪೂರ್ಣೆಯ ಪ್ರಸಾದವನ್ನು ಉಂಡು ಬಹುಮಂದಿ ಯಾತ್ರಿಕರು ಅಲ್ಲಿಂದಲೇ ಹಿಂತಿರುಗುತ್ತಾರೆ. ಹಿಂತಿರುಗದೆ ಸಂಸೆಯ ಚಹಾ ತೋಟವನ್ನು ಕಳೆದು ಮುಂದೆ ಹೋದವರಿಗೆ ಕಾಡಿನ ನಡುವೆ ಒಂದು ಪಟ್ಟಣ ಕಾಣುತ್ತದೆ. ಓರಣವಾದ ಬೀದಿಗಳು, ಒಂದೇ ಅಚ್ಚಿನಲ್ಲಿ ಎರೆದಂತಹ ಮನೆಗಳು. ಆದರೆ ಬಹುಪಾಲು ಮನೆಗಳ ಬಾಗಿಲಿಗೆ ಬೀಗ. ಇದು ಕುದುರೆಮುಖದ ಗಣಿಯೂರು.

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿರುವುದನ್ನು 1913ರಷ್ಟು ಹಿಂದೆಯೇ ಮೈಸೂರು ಭೂಗರ್ಭ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ಗುರುತಿಸಿದ್ದರು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಮೆಯಾದುದರಿಂದ ದೀರ್ಘಕಾಲ ಯಾರೂ ಅದಕ್ಕೆ ಕೈ ಹಾಕಲಿಲ್ಲ. 1976ರಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯನ್ನು ಸ್ಥಾಪಿಸಿತು. ಹಣ ಇರಾನಿನದು, ಅದಿರನ್ನು ಕೊಳ್ಳಬೇಕಾಗಿದ್ದುದೂ ಇರಾನೇ. ವಿಚಿತ್ರವೆಂದರೆ ಗಣಿ ಸಿದ್ಧವಾಗುವ ಹೊತ್ತಿಗೆ ಆ ದೇಶದ ದೊರೆಯೇ ಪದಚ್ಯುತನಾಗಿದ್ದನು! ಕಂಪೆನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅದಿರನ್ನು ಹಿಟ್ಟಿನಂತೆ ಅರೆದು, ನೀರಿನೊಡನೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಮಂಗಳೂರಿಗೆ ಹರಿಯಬಿಡುತ್ತಿದ್ದರು. ಮೂರು ಟನ್ ಅದಿರನ್ನು ಅರೆದರೆ ದೊರೆಯುತ್ತಿದ್ದ ಸಾರ ಸುಮಾರು ಒಂದು ಟನ್. ಉಳಿದುದೆಲ್ಲ ರಾಡಿ. ಅದನ್ನು ತಡೆದಿಡಲೆಂದು ಲಕ್ಯಾ ಹೊಳೆಗೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟನ್ನು ಕಟ್ಟಿದರು; ವರ್ಷಗಳು ಕಳೆದಂತೆ ಅದು 100 ಮೀಟರಿನಷ್ಟು ಎತ್ತರಕ್ಕೆ ಬೆಳೆಯಿತು.

ಲಕ್ಯಾ ಹೊಳೆ ಸೇರುವುದು ಭದ್ರೆಯನ್ನು. ತುಂಗೆ, ಭದ್ರೆ, ನೇತ್ರಾವತಿಯರ ಉಗಮವೆಂದು ಜನ ಪೂಜಿಸುವ ಗಂಗಾಮೂಲ ಇಲ್ಲಿಂದ ದೂರವಿಲ್ಲ. ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಬೆಟ್ಟದ ಚರ್ಮವನ್ನು ಸುಲಿದರೆ ಮಣ್ಣು ಎಲ್ಲಿಗೆ ಹೋದೀತೆಂಬುದನ್ನು ಮಳೆಗಾಲದಲ್ಲಿ ಭದ್ರೆಯ ಕೆನ್ನೀರನ್ನು ಕಂಡ ಕೆಳದಂಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರು ನ್ಯಾಯಾಲಯದ ಮೆಟ್ಟಿಲೇರಿದರು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2005ರ ಕೊನೆಯ ದಿನ ಗಣಿ ನಿಂತಿತು. ಸಂಬಳವನ್ನೇ ನಂಬಿದ್ದ ಸಂಸಾರಗಳು ಗಂಟುಮೂಟೆ ಕಟ್ಟಿದವು. ಅವರ ಮಕ್ಕಳಿಗೆ ಇದೇ ಹುಟ್ಟೂರಲ್ಲವೇ? ಕಾಡು ಉಳಿಯಿತೆಂದು ಸಂತೋಷಪಡುವವರು ಈ ಮಾತನ್ನೂ ಮರೆಯಬಾರದು.

ಇನ್ನು ಈ ಜಾಗವನ್ನೇನು ಮಾಡುವುದು? ವಿಹಾರಧಾಮವಾಗಲಿ, ಪ್ರವಾಸಿಗಳು ಬರಲಿ ಎಂಬ ಮಾತು ಹಲವು ಸಲ ಎದ್ದಿದೆ. ಜರ್ಮನಿಯ ಎಸ್ಸೆನ್ ನಗರದ ಉದಾಹರಣೆಯೂ ನಮ್ಮ ಮುಂದಿದೆ. ಅಲ್ಲಿಯ ಝೋಲ್‌ಫೆರೈನ್ ಕಲ್ಲಿದ್ದಲ ಗಣಿ 1986ರಲ್ಲಿ ಮುಚ್ಚಿತು. ಕಲ್ಲಿದ್ದಲನ್ನು ತೊಳೆಯುತ್ತಿದ್ದ ಕಟ್ಟಡ ಈಗ ವಸ್ತುಸಂಗ್ರಹಾಲಯ. 2001ರಲ್ಲಿ ಯುನೆಸ್ಕೋ ಆ ಗಣಿಯನ್ನೇ ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು. ಆದರೆ ಎಸ್ಸೆನ್ ಕೈಗಾರಿಕೆಗಳ ನಡುವಣ ನಗರ. ಅಲ್ಲಿ ಉಳಿಸಿಕೊಳ್ಳಬೇಕಾದುದೇ ಯಂತ್ರ. ಕುದುರೆಮುಖವಾದರೋ 1987ರಿಂದ ರಾಷ್ಟ್ರೀಯ ಉದ್ಯಾನ. 2012ರಲ್ಲಿ ಪಶ್ಚಿಮಘಟ್ಟಗಳ ಜೊತೆಗೆ ಅದಕ್ಕೂ ಅದೇ ಯುನೆಸ್ಕೋದ ಮನ್ನಣೆ ದೊರೆತುದು ಶೋಲಾ ಕಾಡಿಗಾಗಿ, ಹುಲ್ಲುಗಾವಲಿಗಾಗಿ, ಸಿಂಗಳೀಕಗಳಿಗಾಗಿ. ಗಣಿಯ ಹೆಸರು ಅಲ್ಲಿ ಬರಲಿಲ್ಲ. ಹೀಗಾಗಿ ಎಸ್ಸೆನ್ನಿನ ಮದ್ದನ್ನು ಇಲ್ಲಿಗೆ ಹಾಗೆಯೇ ತಂದು ಅರೆದು ಹಚ್ಚುವುದು ನನಗೆ ಸರಿಕಾಣದು.

ಕಡಿದ ಬೆಟ್ಟವನ್ನು ಹುಲ್ಲಿಗೂ ಮಳೆಗೂ ಬಿಟ್ಟುಬಿಡಬಹುದು. ಮನೆಗಳ ಮಾತು ಬೇರೆ. ಹೊಸದಾಗಿ ಒಂದು ಮರವನ್ನೂ ಕಡಿಯದೆ, ಇರುವ ಸೂರುಗಳಲ್ಲಿಯೇ ಅರಣ್ಯ ಕಾವಲುಗಾರರ ತರಬೇತಿ ನಡೆಯಬಹುದು. ಮಳೆಯನ್ನೂ ಹೊಳೆಯನ್ನೂ ಅಳೆಯುವ ವಿದ್ವಾಂಸರು ವಾಸಿಸಬಹುದು. ಕಳಸ, ಸಂಸೆಗಳ ತರುಣರಿಗೆ ಊರು ಬಿಡದೆ ಉದ್ಯೋಗ ದೊರಕಬಹುದು. ಒಂದು ಕೊಠಡಿಯಲ್ಲಿ ಗಣಿಯ ಹಳೆಯ ಚಿತ್ರಗಳನ್ನು ತೂಗುಹಾಕಿದರೆ, ಇಲ್ಲಿ ದುಡಿದವರು ಮೊಮ್ಮಕ್ಕಳಿಗೆ ತೋರಿಸಲು ಏನಾದರೂ ಇದ್ದಂತಾಯಿತು.

ಆದರೆ ಬಿಟ್ಟುಬಿಡಲಾಗದುದು ಲಕ್ಯಾ. ಗಣಿ ನಡೆದುದು ಕಾಲು ಶತಮಾನ. ಅದರ ರಾಡಿಯನ್ನು ಹೊತ್ತ ಆ ಮಣ್ಣಿನ ಗೋಡೆಯಾದರೋ ಪ್ರತಿ ಆಷಾಢದಲ್ಲಿಯೂ ಮಳೆಯ ಹೊಡೆತಕ್ಕೆ ಎದೆಯೊಡ್ಡಿ ನಿಲ್ಲಬೇಕು. ಬಸಿಯುವ ನೀರಿನ ಬಣ್ಣವನ್ನು ನೋಡುವುದು, ಕೋಡಿಯ ದಾರಿಯಲ್ಲಿ ಬಿದ್ದ ಮರವನ್ನು ತೆಗೆಸುವುದು, ಬಿರುಕು ಕಂಡಲ್ಲಿ ಅಂದೇ ಮುಚ್ಚಿಸುವುದು, ಇವು ಪ್ರತಿವರ್ಷವೂ ತಪ್ಪದ ಕೆಲಸಗಳು. ಅದರ ಕೆಳಗೆ ಹೊಳೆ ಭದ್ರೆಯನ್ನು ಕೂಡಿಕೊಂಡು ಕಳಸದ ಕಡೆಗೆ ಇಳಿಯುತ್ತದೆ.