ತಾತ ಕಂಡ ವಾಕ್ಚಿತ್ರ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ನಮ್ಮ ತಾತ ಬೆಂಗಳೂರಿನಲ್ಲಿ ಕಂಡಿದ್ದರು. ವೈ. ವಿ. ರಾವ್ ನಿರ್ದೇಶಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ತೆರೆಕಂಡಿತು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಸಂಭಾಷಣೆ, ಹಾಡುಗಳು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಇಂದ್ರಜಿತನಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದ್ದರು.

ಒಂದು ಸಂಜೆ ತಾತ ಅದನ್ನು ವರ್ಣಿಸತೊಡಗಿದಾಗ, ಹೈಸ್ಕೂಲು ಹುಡುಗನಾಗಿದ್ದ ನಾನು, “ಅದೂ ಒಂದು ಸಿನಿಮಾನೇ ತಾತ? ಪರದೆ ಮೇಲೆ ಕಂಪನಿ ನಾಟಕ ಅಷ್ಟೆ” ಎಂದು ನಕ್ಕುಬಿಟ್ಟೆ. ಅವರೂ ನಕ್ಕು ಸುಮ್ಮನಾದರು. ಮತ್ತೆಂದೂ ಆ ಪ್ರಸ್ತಾಪ ಎತ್ತಲಿಲ್ಲ.

ನಿವೃತ್ತನಾದ ಮೇಲೆ, ಅದೇ ಕೊಲ್ಲಾಪುರದಲ್ಲಿ ಪ್ರಭಾತ್ ಸಂಸ್ಥೆಗಾಗಿ ವಿ. ಶಾಂತಾರಾಂ ತಯಾರಿಸಿದ 1932ರ ಮರಾಠಿ ಚಿತ್ರ ‘ಅಯೋಧ್ಯೇಚಾ ರಾಜಾ’ವನ್ನು ನೋಡಿದೆ. ಅದು ಹರಿಶ್ಚಂದ್ರನ ಕಥೆ. ರಾಘವಾಂಕನನ್ನು ಪಾಠ ಹೇಳಿದವನಿಗೆ ಭಾಷೆಯ ತೊಡಕು ಅಷ್ಟಾಗಿ ಬಾಧಿಸಲಿಲ್ಲ. ಹರಿಶ್ಚಂದ್ರನಾಗಿ ಗೋವಿಂದರಾವ್ ಟೆಂಬೆ, ತಾರಾಮತಿಯಾಗಿ ದುರ್ಗಾ ಖೋಟೆ.

ಮೊದಲಿಗೆ ಎಲ್ಲವೂ ನಿಧಾನವೆನಿಸಿತು. ಕ್ರಮೇಣ ಆ ನಿಧಾನವೇ ಹಿಡಿಸಿತು. ಆಗಿನ್ನೂ ಹಿನ್ನೆಲೆ ಗಾಯನ ಬಂದಿರಲಿಲ್ಲ. ಪಾತ್ರಧಾರಿ ಕ್ಯಾಮೆರಾದ ಎದುರೇ ಹಾಡುತ್ತ, ಅದೇ ಉಸಿರಿನಲ್ಲಿ ಅಭಿನಯಿಸಬೇಕಿತ್ತು; ವಾದ್ಯದವರು ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ನಡುವೆ ತಪ್ಪಿದರೆ ಮತ್ತೆ ಚಿತ್ರೀಕರಿಸಬೇಕು. ಮೊದಲ ಬಾರಿಗೆ ತರಗತಿಯೆದುರು ನಿಂತು ಪದ್ಯ ಓದುವ ಮಕ್ಕಳ ದನಿಯಲ್ಲಿ ಅಳುಕೂ ಶ್ರದ್ಧೆಯೂ ಬೆರೆತಿರುತ್ತವಲ್ಲ, ಈ ಚಿತ್ರಗಳಲ್ಲಿ ನನಗೆ ಕೇಳಿಸುವುದು ಅದೇ ದನಿ. ಮುಂದಿನ ಚಿತ್ರಗಳು ನಯಗಾರಿಕೆಯನ್ನು ಕಲಿತವು. ಆ ದನಿ ಅವುಗಳಲ್ಲಿಲ್ಲ.

ತಾತ ಹೇಳಹೊರಟದ್ದು ಇದನ್ನೇ ಇರಬೇಕೆಂದು ಅಂದು ರಾತ್ರಿ ಹೊಳೆಯಿತು. ‘ಸತಿ ಸುಲೋಚನ’ವನ್ನೇ ನೋಡಿ ತಿಳಿಯೋಣವೆಂದರೆ ಅದರ ಪ್ರತಿ ಉಳಿದಿಲ್ಲ. 1931ರ ‘ಆಲಂ ಆರಾ’ ಕೂಡ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲಂ ಬೇಗ ಬೆಂಕಿ ಹಿಡಿಯುವಂಥದು. ಸರಿಯಾಗಿ ಕಾಪಾಡದಿದ್ದರೆ ಇಟ್ಟಲ್ಲಿಯೇ ಶಿಥಿಲವಾಗುತ್ತದೆ. ಹಲವು ಚಿತ್ರಗಳ ಫಿಲಂ ಅದರಲ್ಲಿರುವ ಬೆಳ್ಳಿಗಾಗಿಯೂ ಕರಗಿಹೋಯಿತು.

ಫಿಲಂ ನಾಶವಾದದ್ದಕ್ಕೆ ಇಂಥ ಕಾರಣಗಳಿವೆ. ಆದರೆ ಆ ಚಿತ್ರದ ಒಂದು ಪ್ರತಿ ನಮ್ಮ ಮನೆಯ ಜಗುಲಿಯ ಮೇಲೆ, ತಾತನ ನೆನಪಿನಲ್ಲಿ, ಅದೆಷ್ಟೋ ವರ್ಷ ಸುರಕ್ಷಿತವಾಗಿತ್ತು. ಅದನ್ನು ಕಳೆದವನು ನಾನೇ. ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸುವುದೇ ನನ್ನ ವೃತ್ತಿಯಾಗಿತ್ತು. ತಾತನನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಿಮ್ಮ ಮನೆಯ ಹಿರಿಯರು ಹಳೆಯ ಚಿತ್ರವೊಂದರ ಮಾತು ತೆಗೆದರೆ, ದಯವಿಟ್ಟು ನಗಬೇಡಿ. ಪೂರ್ತಿ ಕೇಳಿಸಿಕೊಳ್ಳಿ.