ಪಾನಕದ ಬೆಂಚು, ಜೇನಿನ ಸೀಸೆ

ವಿಷುವಿನ ಮರುದಿನ ಕಲ್ಪೆಟ್ಟದ ಬಳಿಯ ಕಾಫಿತೋಟದ ಮನೆಯೊಂದರಲ್ಲಿ ಎಂಟು ವರ್ಷದ ಬಾಲಕನ ಹುಟ್ಟುಹಬ್ಬ. ಮನೆಯವರು ವಯನಾಡಿನ ಜೈನ ಗೌಡರು, ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಬಂದು ನೆಲೆಸಿದವರು. ಈ ಸೀಮೆಯಲ್ಲಿ ಜೈನರ ನೆಲೆ ಎಷ್ಟು ಹಳೆಯದೆಂಬುದಕ್ಕೆ ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿಯೇ ಸಾಕ್ಷಿ. ಭಾಷೆಗೆ ಮಾತ್ರ ಅಂತಹ ಕಲ್ಲಿನ ಆಸರೆಯಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಮೊಮ್ಮಗ ಮಲಯಾಳದಲ್ಲಿ ಉತ್ತರಿಸುತ್ತಾನೆ.

ಹಿಂದಿನ ವರ್ಷ 20 ಮಕ್ಕಳಿಗೆ ಓಡಾಡಿ ಬಡಿಸಿ ದಣಿದಿದ್ದ ತಾಯಿ ಈ ಬಾರಿ ಬೇರೊಂದು ಉಪಾಯ ಹೂಡಿದಳು. ಮಕ್ಕಳೇ ತಮಗೆ ಬೇಕಾದುದನ್ನು ಬಡಿಸಿಕೊಳ್ಳಲಿ. ಊಟದ ಮೇಜು ಎತ್ತರವೆಂದು ಜಗಲಿಯ ಉದ್ದನೆಯ ಬೆಂಚಿಗೆ ಬಟ್ಟೆ ಹಾಸಿದಳು. ಎರಡು ನಲ್ಲಿಪಾತ್ರೆಗಳಲ್ಲಿ ಪುನರ್ಪುಳಿ ಶರಬತ್ತು ಮತ್ತು ಬೆಲ್ಲ, ಏಲಕ್ಕಿ, ನಿಂಬೆಯ ಪಾನಕ. ನಲ್ಲಿಯ ಕೆಳಗೆ ಅಗಲವಾದ ತಟ್ಟೆ, ಏಕೆಂದರೆ ಮಕ್ಕಳು ನಲ್ಲಿ ತಿರುಗಿಸುವಲ್ಲಿ ತೋರುವ ಉತ್ಸಾಹ ಮುಚ್ಚುವಲ್ಲಿ ಇರುವುದಿಲ್ಲ. ಲೋಟಗಳು ಚಿಕ್ಕವು, ಚೆಲ್ಲಿದರೂ ನಷ್ಟ ಅಲ್ಪ. ಕುದಿಸಿ ಆರಿಸಿದ ನೀರಿನಿಂದಲೇ ಮಂಜುಗಡ್ಡೆ. ಗಂಧಕಸಾಲ ಅಕ್ಕಿಯ ಪಾಯಸವನ್ನು ಮೊದಲೇ ಪುಟ್ಟ ಬಟ್ಟಲುಗಳಿಗೆ ಹಾಕಿಟ್ಟಳು. ಬಾಳೆಹಣ್ಣಿನ ರಸಾಯನ, ಅದಕ್ಕೆ ಬೆರೆಸಲು ಅವಲಕ್ಕಿ, ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ, ಎಳ್ಳುಂಡೆ. ನೆಲಗಡಲೆ ಆಗದ ಮಗುವೊಂದು ಬರುವುದಿತ್ತು. ಆದ್ದರಿಂದ ನೆಲಗಡಲೆ ಅಡುಗೆಮನೆಯಿಂದಲೇ ದೂರ. ತೀರ ಚಿಕ್ಕವರಿಗೆಂದು ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿದ್ದಳು.

ಪ್ರತಿಯೊಂದು ಪಾತ್ರೆಯ ಮುಂದೆ ಕನ್ನಡದಲ್ಲಿ ಹೆಸರು ಬರೆದ ಚೀಟಿ ನಿಲ್ಲಿಸಿದವರು ಅಜ್ಜಿ. ಓದಿದವರಿಗೆ ಮೊದಲ ಲೋಟವೆಂಬುದು ಅವರ ಹುನ್ನಾರ. ಮೊಮ್ಮಗ ಅದನ್ನು ಅನ್ಯಾಯವೆಂದು ವಾದಿಸಿದ; ವಾದವೂ ಮಲಯಾಳದಲ್ಲೇ.

ಮನೆಯಲ್ಲಿ ಸೂರ್ಯಾಸ್ತದ ಬಳಿಕ ಊಟವಿಲ್ಲ. ಆದ್ದರಿಂದ ನಾಲ್ಕು ಗಂಟೆಗೇ ಮಕ್ಕಳನ್ನು ಕರೆಯಲಾಗಿತ್ತು. ಕೊನೆಗೆ ಬಂದವಳು ತೋಟದಾಚೆಯ ಕಾಟ್ಟುನಾಯ್ಕರ ವಸತಿಯ ಹುಡುಗಿ, ಬಾಲಕನ ಸಹಪಾಠಿ. ಅವಳ ಕೈಯಲ್ಲಿ ಒಂದು ಸೀಸೆ ಕಾಡುಜೇನು. ತೇನ್ ಕುರುಂಬರೆಂಬ ಹೆಸರನ್ನೂ ಪಡೆದ ಆ ಜನರಲ್ಲಿ ಜೇನಿಗಿಂತ ದೊಡ್ಡ ಉಡುಗೊರೆ ಯಾವುದಿದ್ದೀತು? ಆದರೆ ಮದ್ಯ, ಮಾಂಸ, ಮಧು ಮೂರನ್ನೂ ಶ್ರಾವಕನು ತೊರೆಯಬೇಕೆಂಬುದು ಜೈನರ ಮೂಲಗುಣಗಳಲ್ಲಿ ಸೇರಿದ ನಿಯಮ. ಅಜ್ಜಿ ಹುಟ್ಟಿದಂದಿನಿಂದ ಜೇನನ್ನು ನಾಲಗೆಗೆ ತಾಗಿಸಿದವರಲ್ಲ.

ಹುಡುಗಿ ಸೀಸೆಯನ್ನು ಬೆಂಚಿನ ಮೇಲಿಡಲು ಹೊರಟಳು. ಅಜ್ಜಿ ತಡೆದರು.

"ಅಲ್ಲಿ ಬೇಡ ಮಗಳೇ. ಅಂಗಳದಲ್ಲಿ ಸ್ಟೂಲು ಇದೆ, ಅದರ ಮೇಲಿಡು."

ಹುಡುಗಿ ಇಳಿದುಹೋಗಿ ಮಾವಿನ ಮರದ ಕೆಳಗೆ ಸೀಸೆಯಿಟ್ಟು ಅದರ ಪಕ್ಕದಲ್ಲೇ ನಿಂತಳು. ಹಿಂದಕ್ಕೆ ಬರಲಿಲ್ಲ. ಒಂದು ಕಾಲದಲ್ಲಿ ತೋಟದ ಕೆಲಸದವರಿಗೆ ಎಲೆ ಹಾಕುತ್ತಿದ್ದುದೂ ಅದೇ ಅಂಗಳದಲ್ಲಿ. ಅಜ್ಜಿ ಹೇಳಿದ್ದು ವ್ರತದ ಮಾತು. ಹುಡುಗಿಗೆ ಅದು ಹಾಗೆ ಕೇಳಿಸಬೇಕೆಂದೇನೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಕೆಂಪಾಯಿತು.

"ಅತ್ತೆ, ಅವಳು ಒಬ್ಬಳೇ ನಿಂತಿದ್ದಾಳೆ."

"ನನಗೆ ಕಣ್ಣಿದೆ," ಎಂದರು ಅಜ್ಜಿ. "ಜೇನು ನಮ್ಮ ಪಾತ್ರೆಗೆ ತಾಗುವಂತಿಲ್ಲ. ಬೆಂಚು ಅಲ್ಲಿಗೆ ಹೋಗಬಹುದಲ್ಲ!"

ಅಷ್ಟು ಸಾಕಾಯಿತು. ನಲ್ಲಿಪಾತ್ರೆಗಳನ್ನು ಹಿರಿಯರು ಎತ್ತಿಕೊಂಡರು, ಬೆಂಚನ್ನು ಮಕ್ಕಳು ಮೆರವಣಿಗೆಯಲ್ಲಿ ಹೊತ್ತರು. ಎರಡು ಲೋಟ ಒಡೆದವು, ಅರ್ಧ ಪಾತ್ರೆ ಪಾನಕ ಮೆಟ್ಟಿಲ ಪಾಲಾಯಿತು. ಮಾವಿನ ಮರದ ಕೆಳಗೆ ಬೆಂಚಿಗೂ ಸ್ಟೂಲಿಗೂ ನಡುವೆ ಒಂದು ಗೇಣು ಅಂತರ ಉಳಿಯಿತು. ಅಜ್ಜಿ ಆ ಗೇಣನ್ನು ಬಿಟ್ಟುಕೊಡಲಿಲ್ಲ. ಜೇನಿಗೆ ಬಾಳೆಎಲೆಯ ಚೂರುಗಳೇ ತಟ್ಟೆ. ಬೇಕೆಂದವರು ಅವಲಕ್ಕಿಗೆ ಸುರಿದುಕೊಂಡರು. ವರ್ಷ ತುಂಬದ ಶಿಶುವಿಗೆ ಜೇನು ನೆಕ್ಕಿಸಲು ಹೊರಟ ನೆರೆಯಾಕೆಯನ್ನು ತಾಯಿ ತಡೆದಳು. ಅಷ್ಟು ಎಳೆಯ ಕರುಳಿಗೆ ಅದು ಅಪಾಯ.

ಅಜ್ಜಿ ಹುಡುಗಿಯ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಯಾವ ಮರದ ಜೇನು, ಯಾರು ಹತ್ತಿದರು ಎಂದು ಕೇಳಿದರು. ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ಹತ್ತಿರದ್ದು. ಹುಡುಗಿ ತನ್ನ ನುಡಿಯಲ್ಲೇ ಹೇಳುತ್ತಾ ಹೋದಳು. ಅಜ್ಜಿಗೆ ಅನುವಾದ ಬೇಕಾಗಲಿಲ್ಲ. ತನ್ನ ಅಜ್ಜಿಯೊಡನೆ ಬೇರೆ ಮನೆಯ ಮಗು ಇಷ್ಟು ಸಲೀಸಾಗಿ ಹರಟುವುದನ್ನು ಮೊಮ್ಮಗ ಲೋಟ ಹಿಡಿದುಕೊಂಡು ನೋಡುತ್ತಿದ್ದ. ತುಸು ಹೊಟ್ಟೆಕಿಚ್ಚೂ ಇದ್ದಿರಬೇಕು.

ಐದೂವರೆಯ ವೇಳೆಗೆ ಅವನು ಒಳಗೆ ಹೋಗಿ ಒಂದು ಖಾಲಿ ಚೀಟಿ ತಂದ. ಸ್ಟೂಲಿನ ಮುಂದೆ ಮಂಡಿಯೂರಿ, ನಾಲಗೆ ಕಚ್ಚಿಕೊಂಡು ಬರೆದು ಸೀಸೆಗೆ ಒರಗಿಸಿದ: "ಜೆನು".

"ದೀರ್ಘ ಎಲ್ಲಿ?" ಎಂದರು ಅಜ್ಜಿ.

ಅವನು ಪೆನ್ಸಿಲನ್ನು ಅವರತ್ತ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. ಅವನು ಮತ್ತೆ ಬಗ್ಗಿ ತಾನೇ ಎಳೆದ.